ಬಾಲ್ದಿಗೆ ಅರ್ಧ ಒಳಲೆ

ಅರುವತ್ತರ ದಶಕದ ಮಾತು. ಮಗ ಹುಟ್ಟಿದ ವರ್ಷ ನನಗೆ ಸೊಂಟನೋವು ಹಿಡಿಯಿತು. ಹಟ್ಟಿಯ ದನಗಳ ಕೆಲಸ, ಅಡುಗೆ ಎಲ್ಲ ಹೇಗೋ ಸಾಗುತ್ತಿತ್ತು. ಬಾವಿಕಟ್ಟೆಯ ಹತ್ತಿರ ಬಗ್ಗಿ ಕಲ್ಲಿಗೆ ಬಟ್ಟೆ ಬಡಿಯುವಾಗ ಮಾತ್ರ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಗಾಗಿ ಯಜಮಾನರು ಪುತ್ತೂರಿನಿಂದ ಬಟ್ಟೆ ಒಗೆಯುವ ಪುಡಿ ತಂದಾಗ, ಅದನ್ನು ಮೊದಲು ದೇವರ ಕೋಣೆಯ ಹೊಸ್ತಿಲ ಬಳಿ ಇಟ್ಟು ಕೈಮುಗಿದೆ. ಸವಣೂರಿನ ನಮ್ಮ ಬದಿಯಲ್ಲಿ ಆಗ ಅಂಥದ್ದನ್ನು ಕಂಡವರೇ ಕಡಿಮೆ. ನೀರಿಗೆ ಕದಡಿ ಬಟ್ಟೆ ನೆನೆಸಿಟ್ಟರೆ ಆಯಿತು, ಬೆಳಿಗ್ಗೆ ಕುಕ್ಕಿ ಹಿಂಡಿದರೆ ಕೊಳೆ ಬಿಡುತ್ತದೆ. ಬಡಿಯಬೇಕೆಂದಿಲ್ಲ.

ಅತ್ತೆಗೆ ಅದು ಸರಿ ಕಾಣಲಿಲ್ಲ. ಅವರದ್ದೇನಿದ್ದರೂ ಅಂಟುವಾಳಕಾಯಿ. ಜಜ್ಜಿ ನೀರಿಗೆ ಹಾಕುವುದು, ನೊರೆ ಸಾಲದಿದ್ದರೆ ಇನ್ನೊಂದು ಮುಷ್ಟಿ. ಅಷ್ಟೇ ಅಳತೆ.

“ಚೌತಿವರೆಗೆ ನೋಡುವ. ಪೂಜೆಯ ಪಂಚೆ ಬೆಳ್ಳಗೆ ಆಗದಿದ್ರೆ ನಿನ್ನ ಪುಡಿ ಗೊಬ್ಬರದ ಗುಂಡಿಗೆ, ನೀನು ಕಲ್ಲಿಗೆ,” ಎಂದರು.

ಚೌತಿ ಹತ್ತಿರ ಬಂದಾಗ ಒಂದು ಸಂಜೆ ಬಾಲ್ದಿ ನೀರಿಗೆ ಸ್ವಲ್ಪ ಪುಡಿ ಕದಡಿ ಆ ಪಂಚೆ ನೆನೆಸಿದೆ. ಬೆಳಿಗ್ಗೆ ಜಡಿಮಳೆ. ಗಡಿಬಿಡಿಯಲ್ಲಿ ಹಿಂಡಿ, ಎರಡು ನೀರಲ್ಲಿ ಜಾಲಾಡಿ, ಜಗಲಿಯ ಹಗ್ಗಕ್ಕೆ ಹಾಕಿದೆ. ಒಣಗಿದ ಮೇಲೆ ಮಲ್ಲಿಗೆಯ ಹಾಗೆ ಬೆಳ್ಳಗೆ! ಅತ್ತೆ ಮುಟ್ಟಿ ನೋಡಿ, ತಾವೇ ಮಡಚಿ ಒಳಗೆ ಒಯ್ದರು. ನನಗೆ ಅದೇ ಬಿರುದು.

ಪೂಜೆಗೆ ಕೂರುವವರು ಒಗೆದ ಪಂಚೆ ಉಟ್ಟು, ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆಯಲ್ಲೇ ಒಳಗೆ ಬರುವುದು ನಮ್ಮ ಮನೆಯ ಕ್ರಮ. ಚೌತಿಯ ದಿನ ಯಜಮಾನರು ಮಂತ್ರ ಹೇಳುತ್ತ ಒಂದು ಕೊಡ ಹೊಯ್ದುಕೊಂಡರು. ಸೊಂಟದಿಂದ ನೊರೆ ಇಳಿಯಿತು. ಇನ್ನೊಂದು ಹೊಯ್ದರು, ಪಾದ ಕಾಣದಷ್ಟು ನೊರೆ. ಹೊಯ್ದಷ್ಟೂ ಹೆಚ್ಚು.

ಪೂಜೆ ಮಾಡಿಸಲು ಬಂದ ಭಟ್ಟರು ಜಗಲಿಯಿಂದ ಇಣುಕಿದರು. “ಎಂತ ಮಾರಾಯ್ರೆ ಇದು! ಗಣಪತಿಗೆ ಹಾಲಿನ ಅಭಿಷೇಕ ಮಾಡಿಸಿದ್ದುಂಟು, ಯಜಮಾನರಿಗೆ ಆಗುದನ್ನು ಇವತ್ತೇ ನೋಡಿದ್ದು!”

ನನ್ನ ಕಥೆ ಮುಗಿಯಿತು. ಪುಡಿ ಹೋಯಿತು, ಕಲ್ಲು ಬಂತು. “ಗಣಪತೀ, ನಾನು ಹಾಕಿದ್ದು ಸ್ವಲ್ಪವೇ,” ಎಂದುಕೊಂಡೆ. ಬಾಯಿಬಿಟ್ಟೇ ಹೇಳಿದೆನೋ ಏನೋ, ಬಾಗಿಲಲ್ಲಿ ನಿಂತಿದ್ದ ಅತ್ತೆ ಮಗನಿಗೆ ಹೇಳಿದರು:

“ಅವಳನ್ನು ಬೈಬೇಡ. ಅವಳು ನೆನೆಸಿದ ಮರುದಿನ ಬೆಳಿಗ್ಗೆ ನೋಡಿದ್ರೆ ಬಾಲ್ದಿಯಲ್ಲಿ ಒಂದು ಗುಳ್ಳೆ ನೊರೆ ಇಲ್ಲ. ದೇವರ ಕೆಲಸದ ಪಂಚೆ ಅಲ್ವಾ, ಚಂದ ಆಗ್ಲಿ ಅಂತ ನಾನೇ ಮತ್ತೆ ಎರಡು ಮುಷ್ಟಿ ಪುಡಿ ಹಾಕಿದೆ.”

“ಅಮ್ಮಾ, ತೀರ್ಥ ಒಳ್ಳೇದು ಅಂತ ಕೊಡಪಾನದಲ್ಲಿ ಕುಡಿತಾರಾ? ಒಂದು ಉದ್ಧರಣೆ ಸಾಕಲ್ಲ,” ಎಂದರು ಯಜಮಾನರು, ನೊರೆಯಲ್ಲಿ ನಿಂತೇ. ಮೊದಲು ನಕ್ಕವರು ಭಟ್ಟರು, ಆಮೇಲೆ ಅತ್ತೆ.

ಯಜಮಾನರು ಆ ಪಂಚೆ ಬಿಟ್ಟು ರೇಷ್ಮೆಯ ಪಟ್ಟೆಮಡಿ ಉಟ್ಟು ಪೂಜೆ ಸಾಂಗವಾಗಿ ಮುಗಿಸಿದರು. ಊಟವಾದ ಮೇಲೆ ಅತ್ತೆ ಒಳಗಿನಿಂದ ಮಗುವಿಗೆ ಹಾಲು ಕುಡಿಸುವ, ಬಾಯಿ ನೆಗ್ಗಿದ ಹಳೆಯ ಒಳಲೆಯೊಂದನ್ನು ಹುಡುಕಿ ತಂದು ಪುಡಿಯ ಡಬ್ಬಿಯೊಳಗೆ ಇಟ್ಟರು.

“ಬಾಲ್ದಿಗೆ ಇದರಲ್ಲಿ ಅರ್ಧ. ಮತ್ತೆ ನೊರೆ ಉಂಟಾ ಇಲ್ವಾ ಅಂತ ಬಗ್ಗಿ ನೋಡ್ಲಿಕ್ಕಿಲ್ಲ.”

ನನಗೆ ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಮಳೆಗಾಲ ಮುಗಿಯುವಾಗ ಒಗೆಯುವ ಕಲ್ಲಿನ ಮೇಲೆ, ಬಡಿಯುವವರಿಲ್ಲದೆ, ಹಸಿರು ಪಾಚಿ ಕಟ್ಟಿತ್ತು. ಅದನ್ನು ಕಂಡ ದಿನವೆಲ್ಲ ಗಣಪತಿಗೆ ಒಂದು ಗರಿಕೆ ಹೆಚ್ಚಿಗೆ ಇಡುತ್ತಿದ್ದೆ.