ದೊಡ್ಡಮಲ್ಲಮ್ಮನ ಮುಖದ ಕುಳಿಗಳು

ಗುಂಡ್ಲುಪೇಟೆಯ ರಾಚಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದಕ್ಕೆ ಕಾರಣವೂ ಇತ್ತೆನ್ನಿ. ಗಂಡ ಕರಿಬಸವಯ್ಯ ಮೂವತ್ತು ವರ್ಷ ಕ್ಯಾಮರಾ ಹಿಡಿದು ತಾಲ್ಲೂಕಿಗೆಲ್ಲ ಹೆಸರಾದ. ಅವನು ತೆಗೆದ ಮುಖಗಳನ್ನು ತಿದ್ದಿದವಳು ಸ್ಟುಡಿಯೋದ ಒಳಕೋಣೆಯ ರಾಚಮ್ಮ. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಅದರ ಮೇಲೆಯೇ ಗೀಚಿ ಕಲೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಮುಚ್ಚುತ್ತಿದ್ದಳು. ಫೋಟೋದ ಹಿಂದಿನ ಮೊಹರಿನಲ್ಲಿ ಮಾತ್ರ ಕರಿಬಸವಯ್ಯ ಒಬ್ಬನೇ!

ಅವನು ಸತ್ತು ಆರು ವರ್ಷವಾಗಿತ್ತು. 2007ರಲ್ಲಿ, ಜಿಲ್ಲೆಗೆ ಹತ್ತು ತುಂಬಿತೆಂದು ಚಾಮರಾಜನಗರದಲ್ಲಿ ಹಳೆಯ ಫೋಟೋಗಳ ಪ್ರದರ್ಶನ ಮಾಡುವ ಹುರುಪು ಕೆಲವರಿಗೆ ಬಂತು. ಅಲ್ಲಿ ಲ್ಯಾಬ್ ಇಟ್ಟಿದ್ದ ಸುಧಾಕರ್ ಬಂದು ಹನ್ನೆರಡು ನೆಗೆಟಿವ್ ಒಯ್ದ. ಸ್ಕ್ಯಾನ್ ಮಾಡಿ ಮೂರಡಿ ಎತ್ತರಕ್ಕೆ ಪ್ರಿಂಟ್ ತೆಗೆದರೆ ಮುಖಗಳೆಲ್ಲ ಚೌಕಚೌಕವಾಗಿ ಒಡೆದು ಈಚಲು ಚಾಪೆಯ ಹಾಗಿದ್ದವು.

“ಹಳೇ ನೆಗೆಟಿವ್ ಅಮ್ಮ, ಇಷ್ಟೇ ಬರಾದು,” ಅಂದ.

ರಾಚಮ್ಮನ ಪಿತ್ತ ನೆತ್ತಿಗೇರಿತು. “ನೆಗೆಟಿವ್ನಲ್ಲಿ ರೆಪ್ಪೆ ಕೂದ್ಲೂ ಎಣಿಸ್ಬೌದು ಕಣ್ಲಾ! ನಿನ್ ಮಿಷನ್ನು ಅರ್ಧ ಕಣ್ಣು ಮುಚ್ಕಂಡು ನೋಡ್ತಾ ಅದೆ. ಪೂರಾ ತೆಗ್ಸು!”

ಬೈಸಿಕೊಂಡ ಸುಧಾಕರ್ ರೆಸಲ್ಯೂಷನ್ನನ್ನು ಎಂಟು ಪಟ್ಟು ಏರಿಸಿದ. ಅಷ್ಟು ದೊಡ್ಡದು ಮಾಡಿದರೆ ಧೂಳಿನ ಕಣವೂ ಕಾಣುತ್ತದೆಂದು, ಅದಕ್ಕೆ ಮುಂಚೆ ಹನ್ನೆರಡನ್ನೂ ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿದ. ಒರೆಸಿದ್ದು ಬರೀ ಧೂಳಲ್ಲ ಅನ್ನುವುದು ಅವನಿಗೇನು ಗೊತ್ತು?

ಪ್ರದರ್ಶನಕ್ಕೆ ಎರಡು ದಿನವಿರುವಾಗ ರಾಚಮ್ಮ ಲ್ಯಾಬಿಗೆ ಹೋದಳು. ಗೋಡೆಗೆ ಒರಗಿಸಿದ್ದ ಪ್ರಿಂಟಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ತೆರಕಣಾಂಬಿಗೆ ಮದುವೆ ಮಾಡಿ ಕೊಟ್ಟಿದ್ದ ದೊಡ್ಡಮಲ್ಲಮ್ಮ. ಕೆನ್ನೆ, ಹಣೆ, ಮೂಗಿನ ಮೇಲೆಲ್ಲ ಸಿಡುಬಿನ ಕುಳಿಗಳು, ಒಂದೊಂದೂ ಕಡಲೆಕಾಳಿನಷ್ಟು.

1968ರ ಮಾತು. ನೋಡಲು ಬಂದ ಮೂರು ಕಡೆಯವರು ಆ ಕಲೆ ಕಂಡು ಎದ್ದು ಹೋಗಿದ್ದರು. ನಾಲ್ಕನೆಯವರಿಗೆ ಮೊದಲು ಫೋಟೋ ಕಳಿಸುತ್ತೇನೆಂದು ಹುಡುಗಿಯ ಅಪ್ಪ ಪುಟ್ಟಮಲ್ಲಪ್ಪ ಕೈಮುಗಿದಿದ್ದ. ರಾಚಮ್ಮ ಎರಡು ದಿನ ಕೂತು ಒಂದೊಂದೇ ಕುಳಿಯನ್ನು ಮುಚ್ಚಿದಳು. ಗಂಡಿನವರು ಫೋಟೋ ನೋಡಿಯೇ ಒಪ್ಪಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ; ತಾನು ಒಂದೇ ಸುಳ್ಳಿನಲ್ಲಿ ಮಾಡಿಸಿದೆನೆಂದು ರಾಚಮ್ಮನಿಗೆ ಒಳಗೊಳಗೇ ಹೆಮ್ಮೆ. ಆ ಪೆನ್ಸಿಲ್ ಕೆಲಸವನ್ನೆಲ್ಲ ಈ ಪುಣ್ಯಾತ್ಮ ಒಂದು ಚೂರು ಹತ್ತಿಯಲ್ಲಿ ತೊಳೆದುಹಾಕಿದ್ದ.

“ಯಾವನ್ಲಾ ನಿಂಗೆ ಒರ್ಸು ಅಂದೋನು? ಒಂದು ಎಣ್ಣಿನ ಮಾನ ಅದ್ರಲ್ಲಿತ್ತು!”

“ತಪ್ಪಾಯ್ತು ಅಮ್ಮ. ಕಂಪ್ಯೂಟರ್ನಲ್ಲಿ ಎರಡೇ ನಿಮಿಷ,” ಎಂದು ಸುಧಾಕರ್ ಮೌಸ್ ಆಡಿಸಿದ. ಕುಳಿಗಳು ಹೋದವು. ಜೊತೆಗೆ ತುಟಿ ಪಕ್ಕದ ಮಚ್ಚೆಯೂ ಹೋಗಿ, ಮುಖ ಎಣ್ಣೆ ಸವರಿದ ಬದನೆಕಾಯಿಯಾಯಿತು.

“ಇವ್ಳ್ಯಾರ್ಲಾ? ಬುಡು, ಮುಖದ ಒಡತೀನೆ ಕೇಳ್ಕಂಡು ಬತ್ತೀನಿ. ಅವ್ಳು ಬ್ಯಾಡ ಅಂದ್ರೆ ಆ ಪ್ರಿಂಟ್ ಅರ್ದಾಕ್ಬೇಕು!” ಎಂದು ರಾಚಮ್ಮ ತೆರಕಣಾಂಬಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸುಧಾಕರನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದಳು.

ದೊಡ್ಡಮಲ್ಲಮ್ಮ ಜಗಲಿಯ ಮೇಲೆ ಅರಿಸಿನ ಆರಿಸುತ್ತಿದ್ದಳು. ರಾಚಮ್ಮ ಎಲ್ಲ ಹೇಳಿ, “ನಾಳಿದ್ದು ಊರೂರೋರೆಲ್ಲ ನೋಡ್ಬುಡ್ತಾರೆ. ಬ್ಯಾಡ ಅನ್ನವ್ವ, ಕಿತ್ತಾಕಿಸ್ತೀನಿ,” ಅಂದಳು.

ದೊಡ್ಡಮಲ್ಲಮ್ಮ ಮೊರ ಕೆಳಗಿಟ್ಟಳು. “ಈಗ ಕೇಳಕ್ಕೆ ಬಂದ್ರಾ ರಾಚಕ್ಕ? ಆಗ ಕೇಳುದ್ರಾ?”

“ನಿಮ್ಮಪ್ಪನೇ ಕೈಮುಗ್ದು ಕೇಳ್ದ ಕಣವ್ವ,” ಅಂದಳು ರಾಚಮ್ಮ.

“ಅಪ್ಪ ಏಳ್ದ, ನೀವು ಗೀಚುದ್ರಿ. ಧಾರೆ ದಿನ ನಮ್ಮತ್ತೆ ನನ್ ಮುಖ ನೋಡಿ, ‘ಫೋಟೋದವ್ಳು ಎಲ್ಲಿ?’ ಅಂದ್ಲು. ಆಮೇಲೆ ಆ ಫೋಟೋವ ನಡುಮನೇಲಿ ನೇತಾಕುದ್ಲು. ಬಂದೋರ್ಗೆಲ್ಲ, ‘ಅವ್ಳನ್ನ ತೋರ್ಸಿ ಇವ್ಳನ್ನ ತಂದಾಕುದ್ರು’ ಅಂತ ತೋರ್ಸದು. ಅವ್ಳು ಸಾಯೋಗಂಟ ನಾನು ಈ ಮನೇಲಿ ಮೋಸಗಾತಿ. ಸಿಡುಬಿನ ಅಮ್ಮ ಆಕಿದ ಕಲೆಗೆ ನಾನು ಯಾವತ್ತೂ ನಾಚ್ಕಂಡಿರ್ನಿಲ್ಲ ಕಣಕ್ಕ. ನಿಮ್ ಪೆನ್ಸಿಲ್ಗೆ ನಾಚ್ಕಂಡೆ!”

ರಾಚಮ್ಮನ ಮೂವತ್ತೊಂಬತ್ತು ವರ್ಷದ ಹೆಮ್ಮೆ ಅಲ್ಲಿಗೆ ಕಳಚಿ ಬಿತ್ತು. ಬೈಯಲು ಯಾರೂ ಸಿಗಲಿಲ್ಲ. ಕರಿಬಸವಯ್ಯನೂ ಅಲ್ಲ, ಸುಧಾಕರನೂ ಅಲ್ಲ. ಗೀಚಿದ್ದು ತನ್ನ ಕೈಯೇ.

“ಎಷ್ಟುದ್ದ ಮಾಡವ್ನೆ ಫೋಟೋವ?” ದೊಡ್ಡಮಲ್ಲಮ್ಮ ಕೇಳಿದಳು.

“ಮೂರಡಿ.”

“ಇನ್ನೂ ದೊಡ್ಡದು ಮಾಡಕ್ಕಾಯ್ತದಾ ಕೇಳಿ.”

ರಾಚಮ್ಮ ಬಸ್ ನಿಲ್ದಾಣದ ಅಂಗಡಿಯ ಕಾಯಿನ್ ಫೋನಿಗೆ ರೂಪಾಯಿ ಹಾಕಿದಳು. ಅಷ್ಟು ಚೆನ್ನಾಗಿ ಸ್ಕ್ಯಾನ್ ಆಗಿರುವಾಗ ಐದಡಿಗೂ ಒಡೆಯುವುದಿಲ್ಲ ಎಂದ ಸುಧಾಕರ್, “ಕುಳಿಗಳ್ನೆಲ್ಲ ಕ್ಲೀನ್ ಮಾಡೇ ತೆಗೀತೀನಿ ಅಮ್ಮ,” ಅಂದ.

“ಕೈ ಕತ್ತರ್ಸ್ಬುಟ್ಟೇನು!” ರಾಚಮ್ಮ ಅರಚಿದಳು. “ಐದಡಿ ತೆಗಿ. ಒಂದು ಕುಳಿನೂ ಮುಟ್ಬೇಡ.”