ಕೆಂಪು ತಂತಿಯ ಹೊರೆ

ಶಿಕಾರಿಪುರದ ನನ್ನ ಮೇಜಿನ ಮೇಲೆ ಸೀಮೆಸುಣ್ಣದ ತುಂಡಿನಂಥ ಬಿಳಿಯ ರೆಸಿಸ್ಟರ್ ಒಂದಿದೆ, ಮಿತ್ರರೇ. ಅದನ್ನು ಬೆಸೆದದ್ದು ನನಗೆ ಚೆನ್ನಾಗಿ ನೆನಪಿದೆ, ಬೆಸುಗೆಯ ಹೊಗೆಯ ವಾಸನೆಯ ಸಮೇತ.

ಹೊಸಬಾಳೆ ಊರಿನಲ್ಲಿರುವ ನನ್ನ ಅಕ್ಕನ ನಾಟಿ ಕೋಳಿ ಕಾವಿಗೆ ಕೂತ ನಾಲ್ಕನೆಯ ದಿನ ಅದನ್ನು ನಾಯಿ ಹೊತ್ತೊಯ್ದಿತು. ಉಳಿದದ್ದು ಗುರುತಿಗೆಂದು ಇದ್ದಿಲಿನಿಂದ ಗೆರೆ ಎಳೆದಿದ್ದ ಹನ್ನೊಂದು ಮೊಟ್ಟೆ. ಆ ತಳಿಯ ಕೋಳಿ ಅವಳ ಬಳಿ ಬೇರೆ ಇರಲಿಲ್ಲ. ನಾನು ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ತಂದು, ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿ ಎಬ್ಬಿಸಿ, ಹಳದಿ ತಂತಿಗೆ ಕಾರಿನ ಬಲ್ಬುಗಳನ್ನು ಕಟ್ಟಿ, ಥರ್ಮೋಕೋಲ್ ಪೆಟ್ಟಿಗೆಯೊಳಗೆ ಕೋಳಿಯ ಕಾವನ್ನು ಹುಟ್ಟಿಸಿದೆ. ಬಿಸಿ ಹೆಚ್ಚಿದಾಗ ಬಲ್ಬು ಆರಿಸಲು ಒಂದು ಥರ್ಮೋಸ್ಟಾಟ್ ಇಟ್ಟೆ. ಆದರೆ ಆ ಹಳೆಯ ಪವರ್ ಸಪ್ಲೈಗೆ ಕೆಲಸವಿಲ್ಲದಿದ್ದರೆ ಮಲಗಿಬಿಡುವ ಗುಣ; ಸ್ವಿಚ್ ಆರಿಸಿ ಮತ್ತೆ ಹಾಕುವವರೆಗೆ ಏಳದು. ಹಾಗಾಗದಂತೆ ಅದರ ಕೆಂಪು ತಂತಿಗೆ ಸದಾ ಕರೆಂಟು ಎಳೆಯುವ ಒಂದಿಷ್ಟು ಹೊರೆ ಹೊರಿಸಿರಬೇಕು. ರೆಸಿಸ್ಟರ್ ಇರುವುದು ಅದಕ್ಕೇ.

ವಾರ ಬಿಟ್ಟು ಹೋದರೆ, ಆ ಕೆಂಪು ತಂತಿಗೆ ಅಕ್ಕ ಸ್ಕೂಟರಿನ ಇಂಡಿಕೇಟರ್ ಬಲ್ಬೊಂದನ್ನು ಸಿಕ್ಕಿಸಿದ್ದಳು. ಮಸಿ ಹಿಡಿದ ಚಿಮಣಿಯಂತೆ ಮಂಕಾಗಿ ಉರಿಯುತ್ತಿತ್ತು.

“ಇದೇನಕ್ಕಾ, ನಂದಾದೀಪವಾ?”

“ಪೆಟ್ಟಿಗೆ ಬದುಕಿದೆಯಾ ಅಂತ ಅಡುಗೆಮನೆಯಿಂದ ಕಾಣ್ಬೇಕಲ್ಲ ಮಾರಾಯಾ. ನೀ ಹೋದ ದಿನಾನೇ ಸಿಕ್ಸಿದೆ. ನಿನ್ನ ಬಲ್ಬು ಗಳಿಗೆಗೊಂದ್ಸಲ ಆರ್ತಾವೆ.”

ಭೌತಶಾಸ್ತ್ರ ಓದಿದವನ ಕಣ್ಣಿಗೆ ಅನಗತ್ಯವಾದದ್ದು ಚುಚ್ಚುತ್ತದೆ. ಕಿತ್ತು ಕಿಟಕಿಯಲ್ಲಿಟ್ಟು ಬಂದೆ.

ಮರುದಿನ ಬೆಳಿಗ್ಗೆಯೇ ಫೋನು. “ಪೆಟ್ಟಿಗೆ ತಣ್ಣಗಾಗಿತ್ತು ಕಣೋ. ದೀಪ ಇಲ್ದೆ ನಂಗೆ ಗೊತ್ತೇ ಆಗ್ಲಿಲ್ಲ. ಅದನ್ನೇ ಮತ್ತೆ ಸಿಕ್ಸಿ ಸ್ವಿಚ್ ಹಾಕಿದೀನಿ. ಇನ್ನು ಕೈ ಹಚ್ಬೇಡ, ಆಯ್ತಾ?”

ಮೇಜಿನ ಖಾನೆ ತೆಗೆದೆ. ರೆಸಿಸ್ಟರ್ ಅಲ್ಲೇ ಇತ್ತು, ಪೊಟ್ಟಣ ಕೂಡ ಒಡೆದಿರಲಿಲ್ಲ. ಇಷ್ಟು ದಿನ ಆ ಹೊರೆ ಹೊತ್ತದ್ದು ಅಕ್ಕನ ಬಲ್ಬು.

ಹಾಗಾದರೆ ಆ ಹೊಗೆ ಎಲ್ಲಿಯದು? ಇನ್ನಾವುದೋ ದಿನದ ಬೆಸುಗೆಯನ್ನು ತಂದು ಮನಸ್ಸು ಇಲ್ಲಿಗೆ ಅಂಟಿಸಿರಬೇಕು. ಇಲ್ಲೇ ಹತ್ತಿರದ ಬಂದಳಿಕೆಯ ಹಳೆಯ ಗುಡಿಗಳ ಶಾಸನಗಳಲ್ಲಿ ಸವೆದ ಜಾಗ ಸವೆದಂತೆಯೇ ಕಾಣುತ್ತದೆ. ನೆನಪು ಮಾತ್ರ ಸವೆದಲ್ಲಿ ಹೊಸ ಅಕ್ಷರ ಕೆತ್ತಿಕೊಂಡು, ಹಳೆಯದೇ ಎಂದು ಆಣೆಯಿಡುತ್ತದೆ. ಕಂಡದ್ದನ್ನೆಲ್ಲ ಸಂಶಯಿಸುತ್ತ ಬಂದ ನಾನು ಸಂಶಯಿಸದೆ ಬಿಟ್ಟದ್ದು ಅದೊಂದನ್ನೇ.

ಕಾವಿನ ಹತ್ತೊಂಬತ್ತನೆಯ ದಿನ ಅಕ್ಕ ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಮೊಟ್ಟೆಗಳನ್ನು ತೇಲಿಬಿಟ್ಟಳು. ಒಳಗೆ ಜೀವವಿದ್ದದ್ದು ಅಲ್ಲಾಡುತ್ತದೆ. ಏಳು ಅಲ್ಲಾಡಿದವು. ನಾಲ್ಕು ಸುಮ್ಮನೆ ತೇಲಿದವು.

“ಕೋಳಿ ಹೋದ ದಿನಾನೇ ಸತ್ತಿರ್ಬೇಕು, ಬಿಡು” ಎಂದಳು, ನನ್ನ ಮುಖ ನೋಡದೆ.

ಅವಳ ಬಲ್ಬು ಈಗಲೂ ಅಲ್ಲೇ ಉರಿಯುತ್ತಿದೆ, ಮುಂದಿನ ಮೊಟ್ಟೆಗಳಿಗೆ. ನನ್ನ ರೆಸಿಸ್ಟರನ್ನು ಪೊಟ್ಟಣದಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಅದರ ತಂತಿಕಾಲುಗಳಿಗೆ ಬೆಸುಗೆಯ ಸೀಸ ಸೋಂಕಿಲ್ಲ. ಮೂಸಿದರೆ, ಈಗಲೂ ಆ ಹೊಗೆಯ ವಾಸನೆ ಬರುತ್ತದೆ.