ಕಂಟ್ರೋಲ್-ಸಿಗೆ ಜಗ್ಗದ ಬಿಲ್ಡು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬಿಲ್ಡಕ್ಕ ಎನ್ನುತ್ತಿದ್ದರು. ಬಸ್ ನಿಲ್ದಾಣದ ಫಲಕಗಳಲ್ಲಿ ಬಸ್ಸು ಹೊರಡುವ ವೇಳೆ ತೋರಿಸುವ ತಂತ್ರಾಂಶ ಅಲ್ಲಿ ತಯಾರಾಗುತ್ತಿತ್ತು. ಹತ್ತು ಜನ ಬರೆದ ಕೋಡನ್ನು ಒಟ್ಟುಗೂಡಿಸಿ, ಓಡುವಂತೆ ಮಾಡಿ, ಫಲಕಗಳಿಗೆ ಕಳಿಸುವುದು ಅವಳ ಕೆಲಸ. ನಲವತ್ತು ನಿಮಿಷ ಹಿಡಿಯುವ ಆ ಬಿಲ್ಡು ಒಮ್ಮೆ ಶುರುವಾದರೆ ಯಾರ ಮಾತೂ ಕೇಳುತ್ತಿರಲಿಲ್ಲ. ಯಾವ ಕೆಲಸವನ್ನಾದರೂ ನಿಲ್ಲಿಸುವ ಕಂಟ್ರೋಲ್-ಸಿ ಒತ್ತಿದರೂ ಕಪ್ಪು ಪರದೆಯ ಮೇಲೆ ಸಾಲುಗಳು ತಮ್ಮ ಪಾಡಿಗೆ ಹರಿಯುತ್ತಿದ್ದವು. ಹಾಗಾಗಿ ಶುರುಮಾಡುವ ಮುನ್ನ ಅವಳು ಎದ್ದು ನಿಂತು, "ಇನ್ನೇನಾದ್ರೂ ಇದೆಯಾ? ಆಮೇಲೆ ಅಳಬೇಡಿ" ಎಂದು ಕೇಳುವುದು ಪದ್ಧತಿಯಾಗಿತ್ತು.

ಅಂದು ಮಧ್ಯಾಹ್ನವೂ ಕೇಳಿದಳು. ಎಲ್ಲರೂ ಇಲ್ಲವೆಂದರು. ಬಿಲ್ಡು ಅರ್ಧ ದಾರಿ ಸವೆಸಿದ ಮೇಲೆ ಅವಳಿಗೇ ಒಂದು ನೆನಪಾಯಿತು. ಪರೀಕ್ಷೆಗೆಂದು ತಾನು ಹಾಕಿದ್ದ ಸಾಲನ್ನು ತೆಗೆದಿರಲಿಲ್ಲ: "ಮ್ಯಾನೇಜರ್ ಸಾಹೇಬರು ನಿದ್ದೆಯಲ್ಲಿದ್ದಾರೆ, ಬಸ್ಸು ತಡ." ಆ ಹೊತ್ತಿಗೆ ಮ್ಯಾನೇಜರ್ ಇಸ್ತ್ರಿ ಅಂಗಿ ತೊಟ್ಟು, ದೊಡ್ಡ ನಿಲ್ದಾಣದ ಹೊಸ ಫಲಕದ ಕೆಳಗೆ ಸಾರಿಗೆ ಅಧಿಕಾರಿಗಳ ಜೊತೆ ನಿಂತಿದ್ದರು.

ಕಂಟ್ರೋಲ್-ಸಿ ಒತ್ತಿದಳು. ಮತ್ತೆ ಒತ್ತಿದಳು.

"ಅಕ್ಕಾ, ಕೀಬೋರ್ಡ್ ಏನ್ ಪಾಪ ಮಾಡಿತ್ತು?" ಪಕ್ಕದ ಮೇಜಿನ ಕನ್ನಡಕದವನು ಕೇಳಿದ.

"ಸುಮ್ನಿರಪ್ಪಾ. ಹದಿನೆಂಟು ನಿಮಿಷದಲ್ಲಿ ನನ್ನ ನೌಕರಿ ಫಲಕದ ಮೇಲೆ ಬರುತ್ತೆ."

"ವೈರ್ ಕಿತ್ತುಬಿಡ್ಲಾ?"

"ಆ ಯಂತ್ರ ಇರೋದು ಊರಾಚೆ. ಹೋಗು, ಕಿತ್ಕೊಂಡು ಬಾ."

ಇನ್ನೊಂದು ಕಿಟಕಿ ತೆರೆದು, ಯಂತ್ರದಲ್ಲಿ ನಡೆಯುತ್ತಿದ್ದ ಕೆಲಸಗಳ ಪಟ್ಟಿ ನೋಡಿದಳು. ಒಂದನ್ನು ಕೊಂದಳು, ಅದರ ಜಾಗದಲ್ಲಿ ಇನ್ನೊಂದು ಎದ್ದಿತು. ಅದನ್ನೂ ಕೊಂದಳು, ಮತ್ತೊಂದು. ಇವನ್ನೆಲ್ಲ ಹೆರುತ್ತಿದ್ದ ತಾಯಿ ಸ್ಕ್ರಿಪ್ಟನ್ನು, ಬಿಲ್ಡಿನ ಆಜ್ಞೆಗಳೆಲ್ಲ ಇದ್ದ ಕಡತವನ್ನು, ಹುಡುಕಿ ತೆರೆದಳು. ಎರಡನೆಯ ಸಾಲಿನಲ್ಲೇ ಇತ್ತು, ನಡುವೆ ಯಾರು ಬಾಯಿ ಹಾಕಿದರೂ ಕಿವಿಗೊಡಬೇಡ ಎಂಬ ಆಜ್ಞೆ. ಏಳು ವರ್ಷದ ಹಿಂದಿನ ತಾರೀಕು. ಬರೆದವರ ಹೆಸರು ಅವಳದೇ.

ಆ ದಿನಗಳಲ್ಲಿ ಮ್ಯಾನೇಜರ್ ಪರದೆಯ ಸಾಲುಗಳನ್ನು ನಕಲು ಮಾಡಲೆಂದು ಕಂಟ್ರೋಲ್-ಸಿ ಒತ್ತಿ, ದಿನಕ್ಕೆರಡು ಬಾರಿ ಬಿಲ್ಡನ್ನು ಕೊಲ್ಲುತ್ತಿದ್ದರು. ಮನೆಯಲ್ಲಿ ಅವಳ ಮಾತು ಮುಗಿಯುವ ಮೊದಲೇ ಅತ್ತೆ, ಗಂಡ, ಮಗಳು ಸರದಿಯಂತೆ ತುಂಡರಿಸುತ್ತಿದ್ದರು. ಲೋಕದಲ್ಲಿ ಒಂದಾದರೂ ಕೊನೆ ಮುಟ್ಟಲಿ ಎಂದು ಆ ಸಾಲು ಬರೆದು, ನೆಮ್ಮದಿಯಿಂದ ಮನೆಗೆ ಹೋಗಿದ್ದಳು. ಆಮೇಲೆ ಅದನ್ನು ಮರೆತು, ಏಳು ವರ್ಷ ಯಂತ್ರದ ಮೊಂಡುತನಕ್ಕೆ ಹಿಡಿಶಾಪ ಹಾಕಿದ್ದಳು.

ಮೊದಲು ತಾಯಿಯನ್ನು, ಆಮೇಲೆ ಮಕ್ಕಳನ್ನು ಮುಗಿಸಿದಳು. ಪರದೆ ತಣ್ಣಗಾಯಿತು. ಇನ್ನು ಮೂರು ನಿಮಿಷ ಉಳಿದಿತ್ತು. ತನ್ನ ಎರಡು ಸಾಲುಗಳನ್ನೂ ಅಳಿಸಿ, ಬಿಲ್ಡನ್ನು ಮೊದಲಿಂದ ಶುರುಮಾಡಿದಳು.

ಸಂಜೆ ಮ್ಯಾನೇಜರ್ ಊರು ಗೆದ್ದವರಂತೆ ಬಂದರು.

"ಏನಮ್ಮಾ, ನಮ್ಮ ಬಿಲ್ಡು ಶುರುವಾದ್ರೆ ಬ್ರಹ್ಮ ಬಂದ್ರೂ ನಿಲ್ಲಲ್ಲ ಅಂತ ನಾನಂದೆ. ಅಧಿಕಾರಿಗಳು ದಂಗಾಗ್ಬಿಟ್ರು! ಒಪ್ಪಂದದಲ್ಲೇ ಬರೆಸ್ತಾರಂತೆ."

"ಸಾರ್, ಅದು..."

"ಇರಮ್ಮ, ನನ್ನ ಮಾತು ಮುಗೀಲಿ."

ಮುಗಿಯುವವರೆಗೂ ಕಾದಳು. ಬಹಳ ಹೊತ್ತು ಹಿಡಿಯಿತು.

"ಬರೆಸಬೇಡಿ ಸಾರ್. ಇವತ್ತು ಮಧ್ಯಾಹ್ನ ನಾನೇ ನಿಲ್ಲಿಸಿದೆ."

ಕನ್ನಡಕದವನು ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಯಾಕೆ ಎಂದು ಅವರು ಕೇಳಲಿಲ್ಲ. "ಹೇಗೆ?" ಎಂದರು.

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅದನ್ನು ಅರ್ಧ ಗಂಟೆ, ಒಂದಕ್ಷರ ಬಿಡದೆ ವಿವರಿಸಿದಳು.